ಹೊಸ ಆವೃತ್ತಿ ಹಾಕಿದ ಮೇಲೆ ರೆಂಡರ್ ಯಾಕೆ ಕೆಟ್ಟಿತು?

ಓದುಗರ ಪ್ರಶ್ನೆ: ಸರ್, ನಾವು ಮೂವರು ಸೇರಿ ವಾಸ್ತುಶಿಲ್ಪ ಕಚೇರಿಗಳಿಗೆ ರೆಂಡರ್, ಅಂದರೆ ಕಂಪ್ಯೂಟರ್ ಮಾಡೆಲ್‌ನಿಂದ ಫೋಟೋದಂಥ ಚಿತ್ರ, ಮಾಡಿಕೊಡುತ್ತೇವೆ, ಹೆಚ್ಚಿನದು ಒಳಾಂಗಣ. ಇಷ್ಟು ವರ್ಷ ಸಿಪಿಯುನಲ್ಲೇ ರೆಂಡರ್ ಮಾಡುತ್ತಿದ್ದೆವು. ಈಚೆಗೆ ರೆಂಡರ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಕೊಂಡು 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಜಿಪಿಯು ರೆಂಡರಿಂಗ್ ಶುರು ಮಾಡಿದ್ದೇವೆ. ಸಣ್ಣ ಅಳತೆಯಲ್ಲಿ ಬೇಗ ಬರುತ್ತದೆ. ಎ3 ಪ್ರಿಂಟಿಗೆ ಹಾಕಿದರೆ ಅರ್ಧದಲ್ಲಿ ನಿಲ್ಲುತ್ತದೆ, ಒಮ್ಮೊಮ್ಮೆ ಪರದೆ ಕ್ಷಣಕಾಲ ಕಪ್ಪಾಗಿ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಚಿತ್ರದ ಕಾಳುಕಾಳು ಚುಕ್ಕೆಗಳನ್ನು (ನಾಯ್ಸ್) ಒರೆಸುವ ಡಿನಾಯ್ಸರ್ ಹಾಕಿದರೆ ಸೋಫಾ ಬಟ್ಟೆಯ ನೇಯ್ಗೆ ಮೇಣ ಸವರಿದ ಹಾಗೆ ಕಾಣುತ್ತದೆ. ಗೋಡೆಯ ಬಣ್ಣ ಶೇಡ್ ಕಾರ್ಡಿಗೆ ಹೊಂದುತ್ತಿಲ್ಲ. ಎಐ ಎನ್‌ಹ್ಯಾನ್ಸರ್ ಒತ್ತಿದರೆ ಚಿತ್ರ ಚಂದವಾಗುತ್ತದೆ, ಆದರೆ ಕಿಟಕಿಯಲ್ಲಿ ಇಲ್ಲದ ಒಂದು ಪಟ್ಟಿ ಬಂದಿತ್ತು, ವಾಸ್ತುಶಿಲ್ಪಿಯಿಂದ ಬೈಸಿಕೊಂಡೆವು. ಈಗ ಒಬ್ಬ ಗ್ರಾಹಕರು ರಿಯಲ್‌ಟೈಮ್ ವಾಕ್‌ಥ್ರೂ, ಅಂದರೆ ಪರದೆಯಲ್ಲಿ ಮನೆಯೊಳಗೆ ತಾವೇ ಓಡಾಡಿ ನೋಡುವ ವ್ಯವಸ್ಥೆ, ಕೇಳುತ್ತಿದ್ದಾರೆ. ದೊಡ್ಡ ಕಾರ್ಡ್ ಕೊಳ್ಳಬೇಕೆ, ಸಾಫ್ಟ್‌ವೇರ್ ಬದಲಿಸಬೇಕೆ, ಹಳೆಯದಕ್ಕೇ ಮರಳಬೇಕೆ?

ಉತ್ತರ: ನಿಮ್ಮ ತೊಂದರೆಗಳೆಲ್ಲ ಒಂದೇ ಹೊತ್ತಿಗೆ ಬಂದದ್ದರಿಂದ ಎಲ್ಲಕ್ಕೂ ಹೊಸ ಆವೃತ್ತಿಯೇ ಕಾರಣ ಅನ್ನಿಸುವುದು ಸಹಜ. ಆದರೆ ಅವುಗಳ ಮೂಲ ಬೇರೆ ಬೇರೆ. ರೆಂಡರ್ ನಡುವೆ ನಿಲ್ಲುವುದು ಬಹುಮಟ್ಟಿಗೆ ಮೆಮೊರಿಯ ಸಮಸ್ಯೆ. ನೇಯ್ಗೆ ಅಳಿಸಿಹೋಗುವುದು ಡಿನಾಯ್ಸರ್‌ಗೆ ಸಾಕಷ್ಟು ಮಾಹಿತಿ ಸಿಗದೆ. ಬಣ್ಣ ತಪ್ಪಿರುವುದು ಬಹುಶಃ ಒಂದು ಡೀಫಾಲ್ಟ್ ಸೆಟ್ಟಿಂಗ್ ಸದ್ದಿಲ್ಲದೆ ಬದಲಾದದ್ದರಿಂದ. ಎಐ ಬರೆದ ಕಿಟಕಿ ಪಟ್ಟಿ ದೋಷವೇ ಅಲ್ಲ, ಆ ಉಪಕರಣದ ಕೆಲಸವೇ ಅದು. ವಾಕ್‌ಥ್ರೂ ಅಂತೂ ಈ ನಾಲ್ಕಕ್ಕೂ ಸಂಬಂಧವಿಲ್ಲದ ಬೇರೆ ಕಸುಬು.

ಹಾಗಾಗಿ ಹಳೆಯದಕ್ಕೆ ಮರಳುವ ಅಗತ್ಯ ಕಾಣುವುದಿಲ್ಲ, ಕಾರ್ಡನ್ನು ಈಗಲೇ ಕೊಳ್ಳುವ ಅಗತ್ಯವೂ ಇಲ್ಲ. ಒಂದು ಮಾತು ಮಾತ್ರ ಖಡಾಖಂಡಿತ: ನಡೆಯುತ್ತಿರುವ ಕೆಲಸವನ್ನು ಅದು ಶುರುವಾದ ಆವೃತ್ತಿಯಲ್ಲೇ ಮುಗಿಸಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯದರಲ್ಲಿ ತೆರೆಯುವುದು ಎಷ್ಟೋ ಸಲ ಆಗುವುದಿಲ್ಲ. ತೆರೆದರೂ ಮೆಟೀರಿಯಲ್‌ಗಳು ಅರ್ಧಂಬರ್ಧ ಬರುತ್ತವೆ.

8 ಜಿಬಿ ಎಲ್ಲಿ ಹೋಗುತ್ತದೆ

ರೆಂಡರ್ ಯಾವ ಘಳಿಗೆಯಲ್ಲಿ ಬೀಳುತ್ತದೆ ಎಂಬುದನ್ನು ಮೊದಲು ಗಮನಿಸಿ. ಶುರುವಾಗುವ ಮೊದಲೇ, ದೃಶ್ಯ ಲೋಡ್ ಆಗುವಾಗ ಬಿದ್ದರೆ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಅಥವಾ ಜಾಮೆಟ್ರಿ (ವಸ್ತುಗಳ ಆಕಾರ) ಕಾರ್ಡಿನಲ್ಲಿ ಹಿಡಿಸುತ್ತಿಲ್ಲ. ಕೊನೆಯ ಸ್ಯಾಂಪಲ್ (ಪಿಕ್ಸೆಲ್ಲಿಗೆ ಹಾಕುವ ಬೆಳಕಿನ ಲೆಕ್ಕದ ಒಂದು ಸುತ್ತು) ಮುಗಿದು ಡಿನಾಯ್ಸ್ ಆಗುವ ಹೊತ್ತಿಗೆ ಬಿದ್ದರೆ ಡಿನಾಯ್ಸರ್‌ಗೆ ಜಾಗ ಸಾಲದಾಗಿದೆ. ನಡುವೆ ಎಲ್ಲೋ ಪರದೆ ಕಪ್ಪಾಗಿ ಬಿದ್ದರೆ ಅದು ವಿಂಡೋಸ್‌ನ ಟಿಡಿಆರ್ ಎಂಬ ಕಾವಲು ವ್ಯವಸ್ಥೆಯ ಕೆಲಸವಾಗಿರಬಹುದು. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡು ಓಗೊಡದಿದ್ದರೆ ಅದು ಸ್ತಬ್ಧವಾಗಿದೆ ಎಂದು ಭಾವಿಸಿ ವಿಂಡೋಸ್ ಡ್ರೈವರ್ ಅನ್ನು ಮರುಚಾಲನೆ ಮಾಡುತ್ತದೆ. ಕಾರ್ಡ್ ಕೆಟ್ಟಿರುವುದಿಲ್ಲ, ಒಂದೇ ಲೆಕ್ಕದಲ್ಲಿ ತುಂಬ ಹೊತ್ತು ಮುಳುಗಿರುತ್ತದೆ, ಅಷ್ಟೆ. ಪ್ರದರ್ಶನಕ್ಕೆ ಬೇರೆ ಕಾರ್ಡ್ ಇಲ್ಲದ, ಮಾನಿಟರ್ ಮತ್ತು ರೆಂಡರ್ ಎರಡನ್ನೂ ಒಂದೇ ಕಾರ್ಡ್ ನಡೆಸುವ ಕಂಪ್ಯೂಟರಿನಲ್ಲಿ ಇದು ಹೆಚ್ಚು. ಎನ್ವಿಡಿಯಾ ಕಾರ್ಡಾದರೆ ಗೇಮ್ ರೆಡಿ ಡ್ರೈವರ್ ಬದಲು ಸ್ಟುಡಿಯೋ ಡ್ರೈವರ್ ಹಾಕಿ. ರಿಜಿಸ್ಟ್ರಿಯಲ್ಲಿ ಟಿಡಿಆರ್ ಅವಧಿಯನ್ನು ಹೆಚ್ಚಿಸುವ ದಾರಿಯೂ ಇದೆ. ಆದರೆ ಮೂಲ ಕಾರಣ ಮೆಮೊರಿ ತುಂಬಿದ್ದೇ ಆಗಿದ್ದರೆ ಅದರಿಂದ ಪ್ರಯೋಜನವಿಲ್ಲ, ಕಂಪ್ಯೂಟರ್ ಇನ್ನಷ್ಟು ಹೊತ್ತು ಕಲ್ಲಾಗಿ ಕೂರುತ್ತದೆ.

ಮೆಮೊರಿ ನೋಡಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು ಆರಿಸಿ, ‘ಡೆಡಿಕೇಟೆಡ್ ಜಿಪಿಯು ಮೆಮೊರಿ’ ಎಂಬ ಸಾಲನ್ನು ರೆಂಡರ್ ಶುರುವಾಗುವಾಗ ಗಮನಿಸಿ. ಮೇಲಿನ ‘3ಡಿ’ ಗ್ರಾಫ್ ಶೇ 5 ತೋರಿಸಿದರೆ ಗಾಬರಿ ಬೇಡ. ರೆಂಡರ್ ಲೆಕ್ಕಗಳು ಆ ಗ್ರಾಫಿನಲ್ಲಿ ಕಾಣುವುದಿಲ್ಲ.

ಈಗ ಲೆಕ್ಕ. 4096×4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್ ಡಿಸ್ಕಿನಲ್ಲಿ 6 ಎಂಬಿಯ ಜೆಪೆಗ್ ಆಗಿದ್ದರೂ ಕಾರ್ಡಿನೊಳಗೆ ಬಿಚ್ಚಿಕೊಂಡಾಗ, ಪಿಕ್ಸೆಲ್ಲಿಗೆ 4 ಬೈಟ್‌ನಂತೆ, 64 ಎಂಬಿ ಆಗುತ್ತದೆ. 8ಕೆ ಟೆಕ್ಸ್ಚರ್ ಆದರೆ 256 ಎಂಬಿ. ಒಂದು ಮೆಟೀರಿಯಲ್‌ಗೆ ಬಣ್ಣ, ರಫ್‌ನೆಸ್ (ಒರಟುತನ), ನಾರ್ಮಲ್ (ಮೇಲ್ಮೈಯ ದಿಕ್ಕು), ಡಿಸ್‌ಪ್ಲೇಸ್‌ಮೆಂಟ್ (ಉಬ್ಬುತಗ್ಗು) ಎಂದು ನಾಲ್ಕು 4ಕೆ ನಕ್ಷೆಗಳಿದ್ದರೆ 256 ಎಂಬಿ. ಇಂಥ 20 ಮೆಟೀರಿಯಲ್ ಇದ್ದರೆ 5 ಜಿಬಿ ಮುಗಿಯಿತು, ಇನ್ನೂ ಒಂದು ಕುರ್ಚಿಯೂ ಒಳಗೆ ಬಂದಿಲ್ಲ. ಕಪ್ಪುಬಿಳುಪಿನ ನಕ್ಷೆಗಳನ್ನು ಒಂದೇ ಚಾನೆಲ್‌ನಲ್ಲಿ ಇಡುವ ರೆಂಡರರ್ ಆದರೆ ಇದು ಕಡಿಮೆಯಾಗುತ್ತದೆ, ಆದರೂ ಅಂದಾಜಿಗೆ ಈ ಲೆಕ್ಕ ಸಾಕು. ಮೂಲೆಯಲ್ಲಿರುವ ಹೂದಾನಿಗೆ 8ಕೆ ಟೆಕ್ಸ್ಚರ್ ಹಾಕಿರುವ ರೆಡಿಮೇಡ್ ಮಾಡೆಲ್‌ಗಳೇ ಇಲ್ಲಿ ದೊಡ್ಡ ಕಳ್ಳರು. ಚಿತ್ರದಲ್ಲಿ 200 ಪಿಕ್ಸೆಲ್ ಎತ್ತರ ಕಾಣುವ ವಸ್ತುವಿಗೆ 1ಕೆ ಟೆಕ್ಸ್ಚರ್ ಧಾರಾಳ. ಒಂದೊಂದನ್ನೇ ತಿದ್ದುವ ವ್ಯವಧಾನವಿಲ್ಲದಿದ್ದರೆ ಬ್ಲೆಂಡರ್ ಸಾಫ್ಟ್‌ವೇರಿನ ಸಿಂಪ್ಲಿಫೈ ವಿಭಾಗದಲ್ಲಿ ಟೆಕ್ಸ್ಚರ್ ಮಿತಿಯನ್ನು 2048ಕ್ಕೆ ಇಳಿಸಬಹುದು. ವಿ-ರೇ ರೆಂಡರರ್‌ನ ಜಿಪಿಯು ಎಂಜಿನ್‌ನಲ್ಲಿ ಆನ್-ಡಿಮಾಂಡ್ ಮಿಪ್‌ಮ್ಯಾಪಿಂಗ್ ಇದೇ ಕೆಲಸ ಮಾಡುತ್ತದೆ: ದೂರದ ವಸ್ತುವಿಗೆ ಸಣ್ಣ ಪ್ರತಿಯನ್ನಷ್ಟೇ ಒಳಗೆ ಬಿಡುತ್ತದೆ.

ಜಾಮೆಟ್ರಿಯಲ್ಲಿ ನೋಡಬೇಕಾದದ್ದು ಕಾಪಿ ಮತ್ತು ಇನ್‌ಸ್ಟೆನ್ಸ್ ನಡುವಿನ ವ್ಯತ್ಯಾಸ. ಒಂದೇ ಗಿಡದ ಸಾವಿರ ಇನ್‌ಸ್ಟೆನ್ಸ್ ಇಟ್ಟರೂ ಮೆಮೊರಿಯಲ್ಲಿ ಕೂರುವುದು ಹೆಚ್ಚುಕಡಿಮೆ ಒಂದೇ ಗಿಡ. ಅದನ್ನೇ ಕಾಪಿ ಮಾಡಿದರೆ ಸಾವಿರ ಗಿಡ. ವಿ-ರೇ 6ರಲ್ಲಿ (2022) ಬಂದ ಕೇಯಾಸ್ ಸ್ಕ್ಯಾಟರ್ (ಗಿಡ, ಹುಲ್ಲಿನಂಥವನ್ನು ಚೆದುರಿಸಿ ಇಡುವ ಉಪಕರಣ), ಎನ್‌ಮೆಶ್ ಎರಡೂ ಈ ತತ್ವದ ಮೇಲೇ ನಿಂತಿವೆ. ಎನ್‌ಮೆಶ್ ಒಂದು ಸಣ್ಣ ತುಣುಕನ್ನು, ಉದಾಹರಣೆಗೆ ಬಲೆ ಅಥವಾ ಜಾಲಿ ಇಟ್ಟಿಗೆಯನ್ನು, ಟೆಕ್ಸ್ಚರ್ ಹಾಗೆ ಮೇಲ್ಮೈ ತುಂಬ ಪುನರಾವರ್ತಿಸುತ್ತದೆ. ಮೊದಲು ಡಿಸ್‌ಪ್ಲೇಸ್‌ಮೆಂಟ್‌ನಿಂದ ಮಾಡುತ್ತಿದ್ದ ಎಷ್ಟೋ ಕೆಲಸ ಇದರಿಂದ ಹಗುರವಾಗುತ್ತದೆ. ಸ್ಕ್ಯಾಟರ್ ಮಾಡಿದ ಗಿಡಗಳ ಮೇಲೆ ಆಮೇಲೆ ಯಾರಾದರೂ ‘ಮೇಕ್ ಯುನೀಕ್’ ಒತ್ತಿದರೆ ಅಥವಾ ಎಲ್ಲವನ್ನೂ ಮೆಶ್ ಆಗಿ ಪರಿವರ್ತಿಸಿದರೆ ಈ ಉಳಿತಾಯವೆಲ್ಲ ಹೋಯಿತು.

ಇನ್ನು ಎ3. 300 ಡಿಪಿಐಗೆ ಅದು 4961×3508, ಅಂದರೆ ಸುಮಾರು 1.74 ಕೋಟಿ ಪಿಕ್ಸೆಲ್. ನೀವು ಪರೀಕ್ಷೆಗೆ ಹಾಕುವ ಚಿತ್ರ 1920×1080 ಆಗಿದ್ದರೆ ಅದರಲ್ಲಿ ಸುಮಾರು 20.7 ಲಕ್ಷ. ಸಮಯ ಎಂಟು ಪಟ್ಟಿಗೂ ಹೆಚ್ಚು ಬೇಕು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಆದರೆ ಮೆಮೊರಿಯೂ ಏರುವುದನ್ನು ಮರೆಯುವವರು ಹೆಚ್ಚು. ಈ ಅಳತೆಯಲ್ಲಿ 32 ಬಿಟ್‌ನ ಒಂದು ಬಣ್ಣದ ಪದರಕ್ಕೆ ಸುಮಾರು 209 ಎಂಬಿ ಬೇಕು. ರಿಫ್ಲೆಕ್ಷನ್, ಝಡ್-ಡೆಪ್ತ್, ಲೈಟ್ ಗ್ರೂಪ್‌ಗಳು ಎಂದು ಹತ್ತು ಪದರ ಕೇಳಿದರೆ 2 ಜಿಬಿ. ಅವು ಕಾರ್ಡಿನಲ್ಲಿ ಕೂರುತ್ತವೋ ಕಂಪ್ಯೂಟರಿನ ರ‍್ಯಾಮ್‌ನಲ್ಲೋ ಎಂಬುದು ರೆಂಡರರ್ ಮೇಲೆ ಹೋಗುತ್ತದೆ, ಎಲ್ಲಾದರೂ ಕೂರಲೇಬೇಕು. ಬ್ಲೆಂಡರ್‌ನ ರೆಂಡರರ್ ಆದ ಸೈಕಲ್ಸ್‌ನಲ್ಲಿ ಟೈಲ್ (ಒಮ್ಮೆಗೆ ರೆಂಡರ್ ಮಾಡುವ ಚೌಕ) ಅಳತೆ ಡೀಫಾಲ್ಟ್ ಆಗಿ 2048 ಇರುತ್ತದೆ, 1024ಕ್ಕೆ ಇಳಿಸಿ. ಡಿನಾಯ್ಸ್ ಹೊತ್ತಿಗೆ ಬೀಳುವುದಾದರೆ ಇಂಟೆಲ್‌ನ ಡಿನಾಯ್ಸರ್ ಆದ ಓಪನ್ ಇಮೇಜ್ ಡಿನಾಯ್ಸ್ ಅನ್ನು ಜಿಪಿಯು ಬದಲು ಸಿಪಿಯುಗೆ ಬಿಡಿ. ಬ್ಲೆಂಡರ್ 4.1ರಿಂದ (2024) ಇದಕ್ಕೊಂದು ಟಿಕ್ ಪೆಟ್ಟಿಗೆ ಇದೆ. ಸ್ವಲ್ಪ ನಿಧಾನವಾಗುತ್ತದೆ, ಆದರೆ ಮುಗಿಯುತ್ತದೆ.

ಅಂದಹಾಗೆ ಎ3ಗೆ 300 ಡಿಪಿಐ ಎಂಬುದು ಶಾಸನವೇನಲ್ಲ. ಗೋಡೆಗೆ ಹಾಕಿ ಒಂದೆರಡು ಮೀಟರ್ ದೂರದಿಂದ ನೋಡುವ ಫಲಕಕ್ಕೆ 200 ಡಿಪಿಐ ಸಾಕು: 3307×2339, ಸುಮಾರು 77 ಲಕ್ಷ ಪಿಕ್ಸೆಲ್. ಅರ್ಧಕ್ಕಿಂತ ಕಡಿಮೆ ಕೆಲಸ. ಕೈಯಲ್ಲಿ ಹಿಡಿದು ನೋಡುವ ಪುಸ್ತಕಕ್ಕಾದರೆ 300 ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ 8 ಜಿಬಿ ಮೀರುತ್ತಿದ್ದರೆ ಆಗ ಹೊಸ ಕಾರ್ಡಿನ ಮಾತು. ಕೊಳ್ಳುವಾಗ ವೇಗಕ್ಕಿಂತ ಮೆಮೊರಿಗೆ ಮೊದಲ ಮಣೆ ಹಾಕಿ. ನಿಧಾನದ ಕಾರ್ಡ್ ತಡವಾಗಿಯಾದರೂ ಮುಗಿಸುತ್ತದೆ, ಮೆಮೊರಿ ಸಾಲದ ಕಾರ್ಡ್ ಮುಗಿಸುವುದೇ ಇಲ್ಲ. ಕೆಲವು ರೆಂಡರರ್‌ಗಳು ಉಕ್ಕಿದ್ದನ್ನು ಕಂಪ್ಯೂಟರಿನ ರ‍್ಯಾಮ್‌ಗೆ ಹರಿಸುತ್ತವೆ ನಿಜ, ಆಗ ವೇಗ ಕುಸಿಯುತ್ತದೆ. ಇನ್ನೊಂದು 8 ಜಿಬಿ ಕಾರ್ಡ್ ಸೇರಿಸಿದರೆ 16 ಜಿಬಿ ಆಗುತ್ತದೆ ಎಂಬುದು ಬಹಳ ಹಳೆಯ ತಪ್ಪು ನಂಬಿಕೆ. ಎರಡೂ ಕಾರ್ಡಿಗೆ ಇಡೀ ದೃಶ್ಯದ ಪ್ರತಿ ಹೋಗುತ್ತದೆ, ವೇಗ ಹೆಚ್ಚುತ್ತದೆ, ಜಾಗ 8 ಜಿಬಿಯೇ. ಮೆಮೊರಿ ಹಂಚಿಕೊಳ್ಳಲು ನೆರವಾಗುತ್ತಿದ್ದ ಎನ್‌ವಿಲಿಂಕ್ ಅನ್ನು ಆರ್‌ಟಿಎಕ್ಸ್ 40 ಸರಣಿಯ ಜಿಫೋರ್ಸ್ ಕಾರ್ಡ್‌ಗಳಿಂದ ಎನ್ವಿಡಿಯಾ ಕೈಬಿಟ್ಟಿದೆ.

ಇನ್ನೊಂದು ಸಂಗತಿ. ಜಿಪಿಯುಗೆ ಬದಲಿಸಿದರೆ ಅದೇ ಚಿತ್ರ ಬೇಗ ಬರುತ್ತದೆ ಎಂದು ಎಣಿಸಬೇಡಿ. ವಿ-ರೇ ಮತ್ತು ವಿ-ರೇ ಜಿಪಿಯು ಒಂದೇ ಹೆಸರಿನ ಎರಡು ಎಂಜಿನ್‌ಗಳು, ಎಲ್ಲ ಮ್ಯಾಪ್‌ಗಳೂ ಎರಡರಲ್ಲೂ ನಡೆಯುವುದಿಲ್ಲ. ಕೊರೋನಾ ಮೂಲತಃ ಸಿಪಿಯು ರೆಂಡರರ್. ಅದನ್ನು ಬಳಸುವವರು ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿದರೆ ಅಂತಿಮ ರೆಂಡರ್ ವೇಗ ಬದಲಾಗುವುದಿಲ್ಲ. ಹಳೆಯ ಸಿಪಿಯು ದೃಶ್ಯಗಳನ್ನು ಜಿಪಿಯುಗೆ ಎಳೆದು ತರುವ ಬದಲು ಹೊಸ ಕೆಲಸವನ್ನು ಮೊದಲಿನಿಂದ ಜಿಪಿಯುನಲ್ಲಿ ಶುರು ಮಾಡುವುದೇ ಕ್ಷೇಮ.

ಡಿನಾಯ್ಸರ್‌ಗೆ ಕಾಣದ್ದು ಉಳಿಯುವುದಿಲ್ಲ

ಬೆಳಕಿನ ದಾರಿಗಳನ್ನು ಯಾದೃಚ್ಛಿಕವಾಗಿ ಹಿಂಬಾಲಿಸಿ ಲೆಕ್ಕ ಹಾಕುವ ಪಾತ್ ಟ್ರೇಸಿಂಗ್‌ನಲ್ಲಿ ನಾಯ್ಸ್ ಅರ್ಧಕ್ಕಿಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು. ಕೊನೆಯ ಚೂರು ನಾಯ್ಸ್ ತೆಗೆಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದರಿಂದಲೇ, ಮತ್ತು ಡಿನಾಯ್ಸರ್ ಇಷ್ಟು ಜನಪ್ರಿಯವಾದದ್ದೂ ಇದರಿಂದಲೇ. 2019ರಲ್ಲಿ ಇಂಟೆಲ್ ತನ್ನ ಓಪನ್ ಇಮೇಜ್ ಡಿನಾಯ್ಸ್ ಅನ್ನು ಮುಕ್ತವಾಗಿ ಬಿಟ್ಟ ಮೇಲೆ ಅದು ಬಹಳಷ್ಟು ರೆಂಡರರ್‌ಗಳ ಒಳಗೆ ಸೇರಿಕೊಂಡಿದೆ. ಎನ್ವಿಡಿಯಾದ ಆಪ್ಟಿಕ್ಸ್ ಡಿನಾಯ್ಸರ್ ವೇಗದ್ದು, ಪ್ರಿವ್ಯೂಗೆ ಚೆನ್ನ. ಅಂತಿಮ ಸ್ತಬ್ಧಚಿತ್ರಕ್ಕೆ ನನ್ನ ಆಯ್ಕೆ ಇಂಟೆಲ್‌ನದು.

ಇವು ನಾಯ್ಸ್ ತುಂಬಿದ ಚಿತ್ರವನ್ನಷ್ಟೇ ನೋಡುವುದಿಲ್ಲ. ಜೊತೆಗೆ ಎರಡು ಸಹಾಯಕ ಪದರ ಪಡೆಯುತ್ತವೆ: ಬೆಳಕಿಲ್ಲದ ಬರಿಯ ಮೇಲ್ಮೈ ಬಣ್ಣದ ಆಲ್ಬೆಡೋ, ಮೇಲ್ಮೈ ಎತ್ತ ಮುಖ ಮಾಡಿದೆ ಎಂದು ಹೇಳುವ ನಾರ್ಮಲ್. ಮರದ ನಾರು ಬಣ್ಣದ ಟೆಕ್ಸ್ಚರ್‌ನಲ್ಲೇ ಇರುತ್ತದೆ, ಆಲ್ಬೆಡೋದಲ್ಲಿ ಕಾಣುತ್ತದೆ, ಹಾಗಾಗಿ ಉಳಿಯುತ್ತದೆ. ನಿಮ್ಮ ಸೋಫಾ ಬಟ್ಟೆಯ ಬಣ್ಣ ಒಂದೇ ಬೂದು ಇದ್ದು, ನೇಯ್ಗೆಯೆಲ್ಲ ಬಂಪ್ ಮ್ಯಾಪಿನಿಂದಲೇ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಬಂದಿದ್ದರೆ ಆಲ್ಬೆಡೋದಲ್ಲಿ ಅದು ಬೋಳು. ಆಗ ನೇಯ್ಗೆಯ ಸಣ್ಣ ನೆರಳಿಗೂ ನಾಯ್ಸ್‌ಗೂ ವ್ಯತ್ಯಾಸ ಹೇಳಲು ಆಧಾರ ತೀರ ಕಡಿಮೆ, ಎರಡನ್ನೂ ಅದು ಒರೆಸಿಬಿಡುತ್ತದೆ. ಪಿಕ್ಸೆಲ್ಲಿಗಿಂತ ಸಪೂರದ ತಂತಿ, ದೂರದ ಎಲೆ, ಕತ್ತಲೆ ಮೂಲೆಯ ಟೈಲ್ ಸಂದುಗಳಿಗೂ ಇದೇ ಗತಿ.

ಪರಿಹಾರದಲ್ಲಿ ಮೊದಲನೆಯದು, ನೇಯ್ಗೆಯ ಎಳೆಗಳಿಗೆ ಬಣ್ಣದ ಮ್ಯಾಪಿನಲ್ಲೇ ಶೇ 5ರಿಂದ 10ರಷ್ಟು ಗಾಢ-ತಿಳಿ ವ್ಯತ್ಯಾಸ ಕೊಡುವುದು. ನಿಜವಾದ ಬಟ್ಟೆಯಲ್ಲೂ ಅದು ಇರುತ್ತದೆ. ಬ್ಲೆಂಡರ್‌ನಲ್ಲಾದರೆ ಡಿನಾಯ್ಸ್‌ನ ಪಾಸಸ್ ಅನ್ನು ‘ಆಲ್ಬೆಡೋ ಅಂಡ್ ನಾರ್ಮಲ್’ಗೆ, ಪ್ರಿಫಿಲ್ಟರ್ ಅನ್ನು ‘ಆಕ್ಯುರೇಟ್’ಗೆ ಇಡಿ. ಡೆಪ್ತ್ ಆಫ್ ಫೀಲ್ಡ್ (ಹಿಂದುಮುಂದಿನ ಮಸುಕು) ಇದ್ದಾಗ ಸಹಾಯಕ ಪದರಗಳಲ್ಲೇ ನಾಯ್ಸ್ ಇರುತ್ತದೆ, ಆಕ್ಯುರೇಟ್ ಅದನ್ನು ಮೊದಲು ತೊಳೆಯುತ್ತದೆ. ಎರಡನೆಯದು, ಡಿನಾಯ್ಸರ್‌ಗೆ ತೀರ ಹಸಿ ಚಿತ್ರ ಕೊಡಬೇಡಿ. ಕೊರೋನಾದಲ್ಲಿ ನಾಯ್ಸ್ ಮಿತಿ ಶೇ 5ರ ಹತ್ತಿರ, ಬಟ್ಟೆ ಹತ್ತಿರದಿಂದ ಕಾಣುವ ಚಿತ್ರಕ್ಕೆ ಶೇ 3. ಸೈಕಲ್ಸ್‌ನಲ್ಲಿ ನಾಯ್ಸ್ ಥ್ರೆಶೋಲ್ಡ್ 0.01 ಇದ್ದರೆ ಸಾಮಾನ್ಯವಾಗಿ ಸಾಕು. ಮೂರನೆಯದು, ಪೂರ್ತಿ ಡಿನಾಯ್ಸ್ ಹಾಕದೆ ಮೂಲ ಚಿತ್ರದೊಂದಿಗೆ ಶೇ 60-70ರ ಪ್ರಮಾಣದಲ್ಲಿ ಬೆರೆಸಿ. ಉಳಿದ ತುಸು ನಾಯ್ಸ್ ಪ್ರಿಂಟಿನಲ್ಲಿ ಕಾಣುವುದಿಲ್ಲ, ಚಿತ್ರಕ್ಕೆ ಫೋಟೋದ ಗುಣ ಬರುತ್ತದೆ.

ಚಿತ್ರದಲ್ಲಿ ಅಲ್ಲಲ್ಲಿ ಉರಿಯುವ ಬಿಳಿ ಚುಕ್ಕೆಗಳಿದ್ದರೆ, ಅಂದರೆ ಫೈರ್‌ಫ್ಲೈಗಳಿದ್ದರೆ, ಡಿನಾಯ್ಸರ್ ಅವನ್ನು ಅಳಿಸುವ ಬದಲು ಹರಡಿ ಕಲೆ ಮಾಡಬಹುದು. ಅವುಗಳ ಮೂಲ ಸಾಮಾನ್ಯವಾಗಿ ಹೊಳೆಯುವ ಲೋಹ ಅಥವಾ ಗಾಜಿನಿಂದ ಚಿಮ್ಮುವ ಪುಟ್ಟ, ತೀಕ್ಷ್ಣ ದೀಪದ ಬೆಳಕು. ಕಾಸ್ಟಿಕ್ಸ್ (ಗಾಜು, ಲೋಹದಿಂದ ಕೇಂದ್ರೀಕರಿಸಿ ಬೀಳುವ ಬೆಳಕಿನ ಲೆಕ್ಕ) ಆಫ್ ಮಾಡಿ, ದೀಪದ ಅಳತೆಯನ್ನು ಸ್ವಲ್ಪ ಹಿಗ್ಗಿಸಿ. ಆನಿಮೇಷನ್‌ಗೆ ಇನ್ನೊಂದು ಎಚ್ಚರ: ಪ್ರತಿ ಫ್ರೇಮನ್ನೂ ಬೇರೆಬೇರೆಯಾಗಿ ಡಿನಾಯ್ಸ್ ಮಾಡಿದರೆ ಗೋಡೆಗಳು ಕುದಿಯುವಂತೆ ಕಾಣುತ್ತವೆ. ಅಲ್ಲಿ ಸ್ಯಾಂಪಲ್ ಹೆಚ್ಚಿಸಿ, ಅಥವಾ ಅಕ್ಕಪಕ್ಕದ ಫ್ರೇಮ್‌ಗಳನ್ನೂ ನೋಡುವ ಡಿನಾಯ್ಸರ್ ಬಳಸಿ.

ಬಣ್ಣ ಎಲ್ಲಿ ತಪ್ಪಿತು

ರೆಂಡರ್ ಲೆಕ್ಕ ಹಾಕಿದ ಬೆಳಕನ್ನು ಪರದೆಗೆ ಹೊಂದಿಸುವ ಕೊನೆಯ ಹಂತಕ್ಕೆ ವ್ಯೂ ಟ್ರಾನ್ಸ್‌ಫಾರ್ಮ್ ಅಥವಾ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಈ ಡೀಫಾಲ್ಟ್ ಹಲವು ಕಡೆ ಬದಲಾಗಿದೆ. ಬ್ಲೆಂಡರ್ 4.0ರಲ್ಲಿ (2023) ಫಿಲ್ಮಿಕ್ ಜಾಗಕ್ಕೆ ಎಜಿಎಕ್ಸ್ ಬಂತು. ಹಳೆಯ ಫೈಲ್ ತೆರೆದರೆ ಹಳೆಯ ಸೆಟ್ಟಿಂಗೇ ಇರುತ್ತದೆ, ಹೊಸ ಫೈಲಿನಲ್ಲಿ ಎಜಿಎಕ್ಸ್. ನಿಮ್ಮ ಎರಡು ಫೈಲುಗಳ ಗೋಡೆ ಬೇರೆ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. ಥ್ರೀಡಿಎಸ್ ಮ್ಯಾಕ್ಸ್‌ನ ಇತ್ತೀಚಿನ ಆವೃತ್ತಿಗಳಲ್ಲೂ ಓಪನ್‌ಕಲರ್‌ಐಓ ಆಧಾರದ ಬಣ್ಣ ನಿರ್ವಹಣೆ ಒಳಗೇ ಬಂದಿದೆ.

ಎಜಿಎಕ್ಸ್ ಕೆಟ್ಟದ್ದಲ್ಲ. ತುಂಬ ಪ್ರಖರವಾದ ಕಡೆ ಬಣ್ಣ ವಿಕಾರವಾಗದಂತೆ ನಿಧಾನಕ್ಕೆ ಬಿಳಿಗೆ ತಿರುಗಿಸುತ್ತದೆ, ಕಿಟಕಿಯಿಂದ ಬಿಸಿಲು ಬೀಳುವ ಕೋಣೆಗೆ ಇದು ವರದಾನ. ಅದಕ್ಕೆ ತೆರುವ ಬೆಲೆಯೇ ಬಣ್ಣದ ಗಾಢತೆ ತಗ್ಗುವುದು. ಇದನ್ನು ಸರಿಪಡಿಸಲು ಗೋಡೆಯ ಬಣ್ಣವನ್ನೇ ಗಾಢ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಗೋಡೆಯಿಂದ ಪುಟಿಯುವ ಬೆಳಕಿಗೂ ಆ ಬಣ್ಣ ಹತ್ತಿ ಸೀಲಿಂಗ್ ಕೂಡ ಕೆಡುತ್ತದೆ. ಮೆಟೀರಿಯಲ್‌ನಲ್ಲಿ ಶೇಡ್ ಕಾರ್ಡಿನ ಬಣ್ಣವನ್ನು ಇದ್ದಂತೆಯೇ ಇಡಿ, ವ್ಯತ್ಯಾಸವನ್ನು ಕೊನೆಯಲ್ಲಿ ಕಾಂಟ್ರಾಸ್ಟ್ ಲುಕ್ ಅಥವಾ ಕರ್ವ್‌ನಿಂದ ತಿದ್ದಿ. ಬಣ್ಣ ಒಪ್ಪಿಸಲೇಬೇಕಾದ ಗ್ರಾಹಕರಿಗೆ ರೆಂಡರ್ ಜೊತೆ ಶೇಡ್ ಸಂಖ್ಯೆ ಬರೆದ ಚಪ್ಪಟೆ ಬಣ್ಣದ ಚೌಕವನ್ನೂ ಕೊಡಿ. 2700 ಕೆಲ್ವಿನ್ ದೀಪದ ಕೆಳಗೆ ಯಾವ ಗೋಡೆಯೂ ಶೇಡ್ ಕಾರ್ಡಿನಂತೆ ಕಾಣದು, ನಿಜವಾದ ಮನೆಯಲ್ಲೂ ಕಾಣದು.

ಇಲ್ಲೇ ಪಕ್ಕದಲ್ಲಿ ಇನ್ನೆರಡು ತಪ್ಪು ಅಡಗಿರುತ್ತವೆ. ಬಿಳಿ ಗೋಡೆಗೆ 255, 255, 255 ಕೊಡುವುದು ಒಂದು. ಅಂಥ ಗೋಡೆ ಬಂದ ಬೆಳಕನ್ನೆಲ್ಲ ಹಿಂದಿರುಗಿಸುತ್ತದೆ, ಲೋಕದಲ್ಲಿ ಅಂಥ ಪೇಂಟ್ ಇಲ್ಲ. ಶೇ 80 ಪ್ರತಿಫಲಿಸುವ ಗೋಡೆಯಿಂದ ಐದು ಸಲ ಪುಟಿದ ಬೆಳಕು ಶೇ 33ಕ್ಕೆ ಇಳಿಯುತ್ತದೆ, ಶೇ 95ರದ್ದಾದರೆ ಶೇ 77 ಉಳಿಯುತ್ತದೆ. ಶೇ 95ರ ಗೋಡೆಯ ಕೋಣೆಯಲ್ಲಿ ನೆರಳೇ ಇಲ್ಲದೆ ಎಲ್ಲ ಮಂಕು ಬಿಳಿಯಾಗುತ್ತದೆ, ಬೆಳಕು ಬೇಗ ಸಾಯದ ಕಾರಣ ರೆಂಡರೂ ನಿಧಾನ. ಬಿಳಿ ಗೋಡೆಗೆ ಎಸ್‌ಆರ್‌ಜಿಬಿಯಲ್ಲಿ (ಪರದೆಯ ಬಣ್ಣದ ಅಳತೆ, ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದದು) 231ರ ಆಸುಪಾಸು ಗರಿಷ್ಠ ಮಿತಿ ಇಟ್ಟುಕೊಳ್ಳಿ, ಅದು ಸರಿಯಾಗಿ ಶೇ 80. ಇನ್ನೊಂದು, ರಫ್‌ನೆಸ್ ಮತ್ತು ನಾರ್ಮಲ್ ಮ್ಯಾಪ್‌ಗಳನ್ನು ಬಣ್ಣದ ಚಿತ್ರವೆಂದು ಓದಿಸುವುದು. ಬಣ್ಣ ನಿರ್ವಹಣೆ ಬದಲಾದಾಗ ಇದು ತಾನಾಗಿಯೇ ಆಗಬಹುದು. ಆಗ 0.5 ಎಂದು ಬರೆದಿಟ್ಟ ರಫ್‌ನೆಸ್ ಲೆಕ್ಕಕ್ಕೆ 0.21 ಆಗಿ ಹೋಗುತ್ತದೆ, ಮ್ಯಾಟ್ ನೆಲ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತದೆ. ಅವೆರಡನ್ನೂ ‘ನಾನ್-ಕಲರ್’ ಅಥವಾ ‘ರಾ’ ಎಂದು ಗುರುತಿಸಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಒಂದು ಸೌಲಭ್ಯವನ್ನು ನಾನೇ ಮುಂದಿಡುತ್ತೇನೆ, ಒಳಾಂಗಣ ಮಾಡುವವರಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಅದು ಲೈಟ್ ಮಿಕ್ಸ್. ಕೊರೋನಾದಲ್ಲಿ ಮೊದಲೇ ಇತ್ತು, ವಿ-ರೇಗೆ 2020ರಲ್ಲಿ ಐದನೆಯ ಆವೃತ್ತಿಯೊಂದಿಗೆ ಬಂತು. ಒಂದು ದೀಪದ ಬೆಳಕು ಇನ್ನೊಂದರದ್ದನ್ನು ಬದಲಿಸದೆ ಅದರ ಮೇಲೆ ಕೂಡುತ್ತದೆ, ಅಷ್ಟೆ. ಆದ್ದರಿಂದ ಪ್ರತಿ ದೀಪದ ಗುಂಪನ್ನೂ ಬೇರೆ ಪದರದಲ್ಲಿ ಇಟ್ಟರೆ ರೆಂಡರ್ ಮುಗಿದ ಮೇಲೆ ಪ್ರಖರತೆ, ಬಣ್ಣ ಬದಲಿಸಬಹುದು, ಪುಟಿದ ಬೆಳಕೂ ಸರಿಯಾಗಿಯೇ ಬದಲಾಗುತ್ತದೆ. ಹಗಲು, ಸಂಜೆ, ರಾತ್ರಿ ಮೂರನ್ನೂ ಒಂದೇ ರೆಂಡರಿನಿಂದ ತೆಗೆಯಬಹುದು. ಆದರೆ ರೆಂಡರರ್ ತನ್ನ ಸ್ಯಾಂಪಲ್‌ಗಳನ್ನು ಮೂಲ ಪ್ರಖರತೆಯ ಪ್ರಕಾರ ಹಂಚಿರುತ್ತದೆ. ಬಿಸಿಲು ತುಂಬಿದ ದೃಶ್ಯದಲ್ಲಿ ಮಿಣುಕುತ್ತಿದ್ದ ಟೇಬಲ್ ಲ್ಯಾಂಪನ್ನು ಆಮೇಲೆ 20 ಪಟ್ಟು ಏರಿಸಿದರೆ ಅದರ ನಾಯ್ಸ್ ಕೂಡ 20 ಪಟ್ಟು ಏರಿ ಬರುತ್ತದೆ. ರಾತ್ರಿ ಚಿತ್ರವೂ ಬೇಕಿದ್ದರೆ ಮೊದಲೇ ದೀಪಗಳನ್ನು ನಡುಮಟ್ಟದಲ್ಲಿ ಸಮತೂಗಿಸಿ ರೆಂಡರ್ ಮಾಡಿ. ಗುಂಪುಗಳನ್ನು ಆರೇಳಕ್ಕೆ ಸೀಮಿತಗೊಳಿಸಿ. ಎ3ಗೆ ಪದರಕ್ಕೆ 209 ಎಂಬಿ ಎಂಬ ಲೆಕ್ಕ ಇಲ್ಲೂ ಇದೆ.

ಎಐ ಎನ್‌ಹ್ಯಾನ್ಸರ್

ಎಐ ಎಂಬ ಒಂದೇ ಹಣೆಪಟ್ಟಿಯಲ್ಲಿ ಮೂರು ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಡಿನಾಯ್ಸರ್ ಇರುವುದನ್ನು ಶುಚಿ ಮಾಡುತ್ತದೆ. ಡಿಎಲ್‌ಎಸ್‌ಎಸ್‌ನಂಥ ಅಪ್‌ಸ್ಕೇಲರ್ ಸಣ್ಣ ಚಿತ್ರದಿಂದ ದೊಡ್ಡದನ್ನು ಊಹಿಸುತ್ತದೆ. ನೀವು ಒತ್ತಿದ ಎನ್‌ಹ್ಯಾನ್ಸರ್ ಮೂರನೆಯದು, ಚಿತ್ರವನ್ನು ನೋಡಿಕೊಂಡು ಹೊಸದಾಗಿ ಬರೆಯುವಂಥದ್ದು. ಅದಕ್ಕೆ ನಿಮ್ಮ ಮಾಡೆಲ್ ಗೊತ್ತಿಲ್ಲ, ಕಿಟಕಿಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂಬುದಷ್ಟೇ ಗೊತ್ತು. ನಿಮ್ಮ ಕಿಟಕಿ ಅಪರೂಪದ್ದಾಗಿದ್ದಷ್ಟೂ ಅದು ಸಾಮಾನ್ಯದ ಕಡೆಗೆ ಎಳೆಯುತ್ತದೆ. ರೇಲಿಂಗ್ ಸಂಖ್ಯೆ, ಟೈಲ್ ಸಂದು, ಸ್ವಿಚ್ ಬೋರ್ಡ್, ಮೆಟ್ಟಿಲಿನ ಲೆಕ್ಕ, ಗೋಡೆಯ ಮೇಲಿನ ಅಕ್ಷರ ಇವು ಮೊದಲು ಕೆಡುತ್ತವೆ.

ಹಾಗೆಂದು ಬಿಟ್ಟುಬಿಡಿ ಎನ್ನುವುದಿಲ್ಲ. ಮನುಷ್ಯರ ಮುಖ, ಹುಲ್ಲು, ಮರ, ಮುದುಡಿದ ಬಟ್ಟೆ ಇವುಗಳಲ್ಲಿ ಅದರ ಫಲ ನಿಜಕ್ಕೂ ಚೆನ್ನ, ಅಲ್ಲಿ ಒಂದೆಲೆ ಆಚೀಚೆಯಾದರೆ ಯಾರಿಗೂ ನಷ್ಟವಿಲ್ಲ. ರೆಂಡರ್ ಜೊತೆಗೆ ಕ್ರಿಪ್ಟೋಮ್ಯಾಟ್ ಪದರ (ಯಾವ ಪಿಕ್ಸೆಲ್ ಯಾವ ವಸ್ತುವಿನದು ಎಂದು ಹೇಳುವಂಥದ್ದು) ಉಳಿಸಿಕೊಳ್ಳಿ, 32 ಬಿಟ್ ಇಎಕ್ಸ್‌ಆರ್ ಫೈಲಿನಲ್ಲಿ. 16 ಬಿಟ್‌ನಲ್ಲಿ ಉಳಿಸಿದರೆ ಕ್ರಿಪ್ಟೋಮ್ಯಾಟ್ ಕೆಲಸ ಮಾಡದು. ಅದರಿಂದ ಗಿಡ ಮತ್ತು ಜನರ ಮಾಸ್ಕ್ ತೆಗೆದು ಎಐ ಚಿತ್ರವನ್ನು ಅಲ್ಲಿಗಷ್ಟೇ ಬಿಡಿ, ಕಟ್ಟಡವೆಲ್ಲ ಮೂಲ ರೆಂಡರಿನದ್ದೇ ಇರಲಿ. ಬದಲಾವಣೆಯ ತೀವ್ರತೆ ನಿಯಂತ್ರಿಸುವ ಸ್ಲೈಡರ್ 0ರಿಂದ 1ರವರೆಗೆ ಇದ್ದರೆ 0.2-0.3 ದಾಟಬೇಡಿ, 0.5 ಆದರೆ ಕಟ್ಟಡವೇ ಬದಲಾಗುತ್ತದೆ. ಕಳುಹಿಸುವ ಮುಂಚೆ ಫೋಟೋಶಾಪ್‌ನಲ್ಲಿ ಎರಡೂ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ‘ಡಿಫರೆನ್ಸ್’ ಮೋಡ್ ಹಾಕಿ: ಬದಲಾಗದ ಜಾಗ ಕಪ್ಪು, ಬದಲಾದದ್ದು ಹೊಳೆಯುತ್ತದೆ. ಇಂಥ ಸೇವೆಗಳಲ್ಲಿ ಹಲವು ಚಿತ್ರವನ್ನು ತಮ್ಮ ಸರ್ವರ್‌ಗೆ ಕಳುಹಿಸಿಕೊಂಡು ಕೆಲಸ ಮಾಡುತ್ತವೆ. ಇನ್ನೂ ಪ್ರಕಟವಾಗದ ಯೋಜನೆಯಾಗಿದ್ದರೆ ವಾಸ್ತುಶಿಲ್ಪಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ.

ಗೌಸಿಯನ್ ಸ್ಪ್ಲ್ಯಾಟ್ ಬಗ್ಗೆಯೂ ಈಗ ಸದ್ದು ಬಹಳ, ವಿ-ರೇ 7 ಅದನ್ನು ನೇರವಾಗಿ ರೆಂಡರ್ ಮಾಡುತ್ತದೆ. ನಿವೇಶನದ ಸುತ್ತಲಿನ ನಿಜವಾದ ಬೀದಿಯನ್ನು ಫೋಟೋಗಳಿಂದ ಕಟ್ಟಿ ಹಿನ್ನೆಲೆಗೆ ಇಡಲು ಒಳ್ಳೆಯದು. ಫೋಟೋ ತೆಗೆದ ಹೊತ್ತಿನ ಬಿಸಿಲು ಅದರೊಳಗೇ ಅಚ್ಚಾಗಿರುತ್ತದೆ, ಹಾಗಾಗಿ ಮೋಡ ಕವಿದ ದಿನ ತೆಗೆಯಿರಿ. ಒಳಾಂಗಣದವರಾದ ನಿಮಗೆ ಸದ್ಯಕ್ಕೆ ಅದರ ತುರ್ತಿಲ್ಲ.

ವಾಕ್‌ಥ್ರೂ ಒಪ್ಪಿಕೊಳ್ಳುವ ಮುಂಚೆ

ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ನಿಮ್ಮ ಸ್ತಬ್ಧಚಿತ್ರಕ್ಕೆ ಅರ್ಧ ಗಂಟೆ ಸಿಗುತ್ತಿತ್ತು. ಈ ಅಂತರವನ್ನು ಯಾವ ಸೌಲಭ್ಯವೂ ಪೂರ್ತಿ ತುಂಬಲಾರದು, ಎಲ್ಲವೂ ಒಂದಲ್ಲ ಒಂದನ್ನು ಅಂದಾಜಿನಲ್ಲಿ ಮುಗಿಸುತ್ತವೆ. 2022ರಲ್ಲಿ ಅನ್‌ರಿಯಲ್ ಎಂಜಿನ್ 5 ಎಂಬ ಗೇಮ್ ಎಂಜಿನ್‌ನೊಂದಿಗೆ ಬಂದ ಲ್ಯೂಮೆನ್, ಪುಟಿಯುವ ಬೆಳಕನ್ನು ಹಲವು ಫ್ರೇಮ್‌ಗಳಲ್ಲಿ ಹರಡಿ ಲೆಕ್ಕ ಹಾಕುತ್ತದೆ. ಅದರಿಂದಾಗಿ ದೀಪ ಹಾಕಿದ ಮೇಲೆ ಕೋಣೆ ಬೆಳಗಲು ಕ್ಷಣ ಹಿಡಿಯುತ್ತದೆ. ವಾಕ್‌ಥ್ರೂ ಸಾಫ್ಟ್‌ವೇರ್ ಆದ ಟ್ವಿನ್‌ಮೋಷನ್‌ಗೂ 2023.2 ಆವೃತ್ತಿಯಲ್ಲಿ ಲ್ಯೂಮೆನ್ ಬಂತು. ಅಂಥದ್ದೇ ಆದ ಲ್ಯೂಮಿಯಾನ್ 2023ರಲ್ಲಿ ರೇ ಟ್ರೇಸಿಂಗ್ ಸೇರಿಸಿತು. ಬ್ಲೆಂಡರ್ 4.2ರಲ್ಲಿ (2024) ಅದರ ರಿಯಲ್‌ಟೈಮ್ ಎಂಜಿನ್ ಈವೀ ಹೊಸದಾಗಿ ಬರೆಯಲ್ಪಟ್ಟಿತು, ಆದರೆ ಅದರ ರೇ ಟ್ರೇಸಿಂಗ್ ಪರದೆಯಲ್ಲಿ ಕಾಣುತ್ತಿರುವುದನ್ನಷ್ಟೇ ಆಧರಿಸಿದ್ದು. ಕ್ಯಾಮೆರಾ ಬೆನ್ನ ಹಿಂದಿನ ಕಿಟಕಿ ಎದುರಿನ ಕನ್ನಡಿಯಲ್ಲಿ ತಾನಾಗಿ ಕಾಣದು, ಅದಕ್ಕೆ ಲೈಟ್ ಪ್ರೋಬ್ (ಸುತ್ತಲಿನ ಬೆಳಕನ್ನು ಹಿಡಿದಿಡುವ ವಸ್ತು) ಇಡಬೇಕು.

ಸ್ತಬ್ಧಚಿತ್ರದ ಮಾಡೆಲ್ ಹಾಗೇ ತಂದು ರಿಯಲ್‌ಟೈಮ್‌ಗೆ ಹಾಕಿದರೆ ಮೊದಲು ಕಾಣುವ ದೋಷ ಮೂಲೆಗಳಲ್ಲಿ ಬೆಳಕು ಸೋರುವುದು. ದಪ್ಪವಿಲ್ಲದ ಒಂದೇ ಹಾಳೆಯ ಗೋಡೆಗಳು ಇದಕ್ಕೆ ಕಾರಣ. ಲ್ಯೂಮೆನ್‌ಗೆ ಗೋಡೆ ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು, ಮತ್ತು ಇಡೀ ಮನೆ ಒಂದೇ ಮೆಶ್ ಆಗಿರದೆ ಗೋಡೆ, ನೆಲ, ಸೀಲಿಂಗ್ ಬಿಡಿಬಿಡಿಯಾಗಿರಬೇಕು. ನಿಮ್ಮ ಮಾಡೆಲಿಂಗ್ ಪದ್ಧತಿ ಮೊದಲಿನಿಂದ ಬದಲಾಗಬೇಕು ಎಂದರ್ಥ, ದರ ಹೇಳುವಾಗ ಈ ದುಡಿಮೆಯನ್ನು ಸೇರಿಸಿ. ಡಿಎಲ್‌ಎಸ್‌ಎಸ್‌ನ ಪರ್ಫಾರ್ಮೆನ್ಸ್ ಮೋಡ್ 4ಕೆ ಚಿತ್ರವನ್ನು 1920×1080ರಿಂದ ಹಿಗ್ಗಿಸುತ್ತದೆ, ನಾಲ್ಕರಲ್ಲಿ ಮೂರು ಪಿಕ್ಸೆಲ್ ಊಹೆ. ಸಪೂರ ರೇಲಿಂಗ್, ಲೂವರ್‌ಗಳು ನಡೆಯುವಾಗ ಮಿನುಗಿದರೆ ಅದನ್ನು ಕ್ವಾಲಿಟಿ ಮೋಡ್‌ಗೆ ಬದಲಿಸಿ.

ಗ್ರಾಹಕರನ್ನು ಒಂದು ಪ್ರಶ್ನೆ ಕೇಳಿ: ವಾಕ್‌ಥ್ರೂ ಯಾವ ಯಂತ್ರದಲ್ಲಿ ಓಡಬೇಕು? ನಿಮ್ಮ ಕಚೇರಿಯಲ್ಲಿ, ನಿಮ್ಮ ಕಾರ್ಡಿನಲ್ಲಿ ತೋರಿಸುವುದಾದರೆ ಒಪ್ಪಿಕೊಳ್ಳಿ. ಅವರ ಲ್ಯಾಪ್‌ಟಾಪಿನಲ್ಲಿ ಬೇರೆ ಕಾರ್ಡ್ ಇಲ್ಲದೆ ಓಡಬೇಕು ಎಂದರೆ ಬೇಡ. ಆಗ 360 ಡಿಗ್ರಿ ಪನೋರಮಾಗಳ ಪ್ರವಾಸ ಸೂಚಿಸಿ. ಈಗಿನ ರೆಂಡರರ್, ಈಗಿನ ಮೆಟೀರಿಯಲ್‌ಗಳೇ ಸಾಕು, ಫೋನಿನ ಬ್ರೌಸರ್‌ನಲ್ಲೂ ನಡೆಯುತ್ತದೆ. ಕೋಣೆಗೊಂದು ನಿಲ್ದಾಣ, ಕ್ಯಾಮೆರಾ ನೆಲದಿಂದ 1.5 ಮೀಟರ್ ಎತ್ತರದಲ್ಲಿ, ಯಾವ ಗೋಡೆ ಅಥವಾ ಪೀಠೋಪಕರಣಕ್ಕೂ ಅಂಟಿಕೊಳ್ಳದಂತೆ. ಅಳತೆ 8192×4096 ಇರಲಿ. ಅದು ಎ3ಯ ಸುಮಾರು ಎರಡು ಪಟ್ಟು ಪಿಕ್ಸೆಲ್, ಹಾಗಾಗಿ ಮೇಲೆ ಹೇಳಿದ ಟೆಕ್ಸ್ಚರ್, ಟೈಲ್ ತಿದ್ದುಪಡಿಗಳನ್ನು ಮೊದಲು ಮಾಡಿಕೊಂಡು ಆಮೇಲೆ ಒಂದು ಕೋಣೆಯನ್ನು ಹಾಕಿ ನೋಡಿ, ದರ ಹೇಳುವುದು ಅದರ ನಂತರ.